ಗವಸಣಿಗೆಯೂ ಗ್ಯಾರಂಟಿಯೂ

ಸಂಗೀತವನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯುವವರು ರಾಗವನ್ನೋ ತಾಳವನ್ನೋ, ಇಲ್ಲವೆ ಯಾರಾದರೊಬ್ಬ ವಾಗ್ಗೇಯಕಾರರ ಜೀವನವನ್ನೋ ವಸ್ತುವಾಗಿ ಆರಿಸಿಕೊಳ್ಳುವುದು ವಾಡಿಕೆ. ನಾನು ವಾದ್ಯವನ್ನು ಇಡುವ ಪೆಟ್ಟಿಗೆಯನ್ನು ಆರಿಸಿಕೊಂಡಿದ್ದೇನೆ. ಊಟದ ರುಚಿಯನ್ನು ಬಿಟ್ಟು ಬಾಳೆಲೆಯ ಗುಣವನ್ನು ವರ್ಣಿಸಲು ಹೊರಟವನಂತೆ ನಾನು ಕಾಣಬಹುದು. ಆದರೆ ಎಲೆ ಹರಿದಿದ್ದರೆ ಪಾಯಸ ನೆಲದ ಪಾಲಾಗುತ್ತದೆಯೆಂಬುದು ಪಂಕ್ತಿಯಲ್ಲಿ ಕುಳಿತು ಉಂಡವರಿಗೆಲ್ಲ ಗೊತ್ತು. ವಾದ್ಯದ ಪೆಟ್ಟಿಗೆ ಎಷ್ಟು ಕಾಲ ಬಾಳಬೇಕು, ಬಾಳದಿದ್ದರೆ ಹೊಣೆ ಯಾರದು, ಅಂಗಡಿಯವರು ಕೊಡುವ ಗ್ಯಾರಂಟಿ ಚೀಟಿಗೆ ಬೆಲೆಯೇನು ಎಂಬ ಮೂರು ಪ್ರಶ್ನೆಗಳನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುವುದು ಈ ಲೇಖನದ ಉದ್ದೇಶ.

ಮೊದಲು ವಾದ್ಯಗಳ ಮೈಗುಣವನ್ನು ತಿಳಿಯಬೇಕು. ಪಿಟೀಲಿನ ಮೇಲುಹಲಗೆಯ ದಪ್ಪ ಸುಮಾರು 3 ಮಿಲಿಮೀಟರು ಮಾತ್ರ. ಅದರ ಒಡಲೊಳಗೆ ಮೇಲುಹಲಗೆಗೂ ತಳಹಲಗೆಗೂ ನಡುವೆ, ಕುದುರೆಯ ಒಂದು ಕಾಲಿನ ಸಮೀಪದಲ್ಲಿ, ಸಣ್ಣ ಕಡ್ಡಿಯೊಂದು ನಿಂತಿರುತ್ತದೆ. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ. ಎರಡು ಹಲಗೆಗಳ ಒತ್ತಡದಿಂದಲೇ ಅದು ನಿಂತಿದೆ. ಇಟಲಿಯವರೂ ಫ್ರಾನ್ಸಿನವರೂ ಅದನ್ನು ತಮ್ಮ ತಮ್ಮ ಭಾಷೆಗಳಲ್ಲಿ 'ಆತ್ಮ' ಎಂದೇ ಕರೆಯುತ್ತಾರೆ. ಜೋರಾದ ಒಂದು ಪೆಟ್ಟು ಬಿದ್ದರೆ ಆ ಆತ್ಮ ಉರುಳುತ್ತದೆ. ನಾದವೂ ಅದರೊಡನೆ ಹೋಗುತ್ತದೆ. ಹಲಗೆಗಳನ್ನು ಕೂಡಿಸಲು ಹಿಂದಿನಿಂದ ಬಳಸುತ್ತ ಬಂದಿರುವುದು ಪ್ರಾಣಿಗಳ ತೊಗಲಿನಿಂದ ಕಾಸಿದ ಅಂಟು. ಅತಿ ಶಾಖಕ್ಕೂ ತೇವಕ್ಕೂ ಅದು ಬಿಟ್ಟುಕೊಳ್ಳುತ್ತದೆ. ಇನ್ನು ವೀಣೆಯ 24 ಮೆಟ್ಟಿಲುಗಳು ನಿಂತಿರುವುದು ಮೇಣದ ಮೇಲೆ. ಬಿಸಿಲಿನಲ್ಲಿ ನಿಲ್ಲಿಸಿದ ಮೋಟಾರಿನೊಳಗೆ ಅದನ್ನು ಬಿಟ್ಟರೆ ಮೇಣ ಮೆತ್ತಗಾಗಿ ಮೆಟ್ಟಿಲುಗಳು ಸ್ಥಾನ ತಪ್ಪುತ್ತವೆ. ಮೃದಂಗದ ಎರಡು ಮುಖಗಳೂ ಚರ್ಮ; ಮಳೆಗಾಲದ ತೇವಕ್ಕೆ ಅದು ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಪೆಟ್ಟು, ತೇವ, ಶಾಖ ಈ ಮೂವರು ವಾದ್ಯದ ಶತ್ರುಗಳು. ನಮ್ಮ ನಾಡಿನಲ್ಲಿ ಈ ಮೂವರಿಗೂ ಬರವಿಲ್ಲ. ಆಗುಂಬೆಯ ಮಳೆಯೂ ರಾಯಚೂರಿನ ಬಿಸಿಲೂ ಒಂದೇ ರಾಜ್ಯದವು. ಇವೆರಡರ ನಡುವಿನ ಬಸ್ಸುಗಳ ನೂಕುನುಗ್ಗಲಂತೂ ಎಲ್ಲೆಡೆಯೂ ಒಂದೇ. ಬೆಂಗಳೂರಿನಲ್ಲಿ 1980ರಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನವನ್ನು ಪಿಟೀಲಿನ ಆಕಾರದಲ್ಲಿ ಕಟ್ಟಿದ್ದಾರೆ. ಮಳೆಬಿಸಿಲುಗಳಲ್ಲಿ ಪೆಟ್ಟಿಗೆಯಿಲ್ಲದೆ ನಿಲ್ಲಬಲ್ಲ ಪಿಟೀಲು ಅದೊಂದೇ ಇರಬೇಕು!

ನಮ್ಮ ಹಿರಿಯರು ಈ ವಿಷಯದಲ್ಲಿ ಅಜಾಗರೂಕರಾಗಿರಲಿಲ್ಲ. ವಾದ್ಯಕ್ಕೆ ಹೊದಿಸುವ ಬಟ್ಟೆಯ ಹೊದಿಕೆಗೆ 'ಗವಸಣಿಗೆ' ಎಂಬ ಚೆಂದದ ಹೆಸರು ನಮ್ಮ ಭಾಷೆಯಲ್ಲಿದೆ. ವಸ್ತುವಿಗೆ ಬೆಲೆ ಇಲ್ಲದಿದ್ದರೆ ಅದರ ಹೊದಿಕೆಗೆ ಪ್ರತ್ಯೇಕವಾದ ಹೆಸರು ಹುಟ್ಟುತ್ತಿರಲಿಲ್ಲ. ತುಳುನಾಡಿನ ಯಕ್ಷಗಾನ ಮೇಳಗಳ ಸಂಪ್ರದಾಯದ ತಿರುಗಾಟ ಮಳೆಗೆ ಮುಂಚೆ, ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಮುಗಿಯುತ್ತದೆ. ಚಂಡೆ ಮದ್ದಳೆಗಳಿಗೂ ಆಗ ಬಿಡುವು. ನಮ್ಮೂರಿನ ಭಜನಾ ಮಂಡಳಿಯ ಹಾರ್ಮೋನಿಯಮ್ಮಿಗೆ ಊರಿನ ಬಡಗಿಯೇ ಹಲಸಿನ ಹಲಗೆಯಿಂದ ಪೆಟ್ಟಿಗೆ ಮಾಡಿಕೊಟ್ಟಿದ್ದಾರೆ. ಅದು ನನಗಿಂತ ಹಿರಿಯದು. ಅದಕ್ಕೆ ಗ್ಯಾರಂಟಿ ಚೀಟಿ ಇಲ್ಲ. ಕೀಲು ಸಡಿಲವಾದರೆ ಭಜನೆಗೆ ಬಂದ ಬಡಗಿಯ ಕಣ್ಣಿಗೇ ಅದು ಬೀಳುತ್ತದೆ. ಮರುದಿನ ಬೆಳಿಗ್ಗೆ ಸರಿಯಾಗುತ್ತದೆ. ಮಾಡಿದವನೂ ಬಳಸುವವನೂ ಒಂದೇ ಬೀದಿಯಲ್ಲಿ ಓಡಾಡುವಾಗ ಮುಖದಾಕ್ಷಿಣ್ಯವೇ ಗ್ಯಾರಂಟಿ.

ಕಾಲ ಬದಲಾಗಿದೆ, ಬದಲಾಗಬಾರದಿತ್ತೆಂದು ನಾನು ಹೇಳುವುದಿಲ್ಲ. ಹಲಸಿನ ಹಲಗೆಯ ಪೆಟ್ಟಿಗೆಯನ್ನು ಹೊತ್ತುಕೊಂಡು ಬಸ್ಸು ಹತ್ತುವುದು ಅಸಾಧ್ಯ. ಈಗ ಅಂಗಡಿಯಲ್ಲಿ ದೊರೆಯುವ ಪೆಟ್ಟಿಗೆಗಳಲ್ಲಿ ಹಲವು ಬಗೆಗಳಿವೆ. ಬಟ್ಟೆಯ ಒಳಗೆ ಸ್ಪಂಜು ತುಂಬಿದ ಚೀಲ ಒಂದು ಬಗೆ. ಗಟ್ಟಿ ಥರ್ಮೋಕೋಲಿನಂಥ ಹಗುರ ವಸ್ತುವಿನ ಮೇಲೆ ಬಟ್ಟೆ ಅಂಟಿಸಿದ್ದು ಇನ್ನೊಂದು. ಪ್ಲೈವುಡ್ಡಿಗೆ ರೆಕ್ಸಿನ್ ಹೊದಿಸಿದ್ದು ಮೂರನೆಯದು. ಗಾಜಿನ ನಾರನ್ನು ರಾಳದಲ್ಲಿ ಕೂಡಿಸಿ ಎರಕ ಹೊಯ್ದ ಫೈಬರ್ ಪೆಟ್ಟಿಗೆ ನಾಲ್ಕನೆಯದು. ನೋಡುವವರ ಕಣ್ಣು ಹೊರಗಿನ ಹೊಳಪಿನ ಮೇಲೂ ಒಳಗಿನ ಮಖಮಲ್ಲಿನ ಮೇಲೂ ಬೀಳುತ್ತದೆ. ಆದರೆ ಪೆಟ್ಟಿಗೆ ಮೊದಲು ಸೋಲುವುದು ಹಲಗೆಯಲ್ಲಲ್ಲ. ಹಿಡಿಯನ್ನು ಬಿಗಿದ ರಿವೆಟ್ಟಿನಲ್ಲಿ, ಚಿಲಕದಲ್ಲಿ, ಕೀಲಿನಲ್ಲಿ, ಜಿಪ್ಪಿನಲ್ಲಿ. ಭಾರವೆಲ್ಲ ಬೀಳುವುದು ಈ ನಾಲ್ಕು ಕಡೆ. ತಯಾರಕರು ನಾಲ್ಕು ಕಾಸು ಉಳಿಸುವುದೂ ಹೆಚ್ಚಾಗಿ ಇಲ್ಲಿಯೇ. ನಮ್ಮ ತೇವದ ಹವೆಯಲ್ಲಿ ಅಗ್ಗದ ಸ್ಪಂಜು ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗುತ್ತದೆ, ಇಲ್ಲವೆ ಜಿಗುಟಾಗಿ ವಾದ್ಯದ ಮೆರುಗಿಗೆ ಅಂಟಿಕೊಳ್ಳುತ್ತದೆ. ಕಾಯಬೇಕಾದ ಪೆಟ್ಟಿಗೆಯೇ ವಾದ್ಯವನ್ನು ಕೆಡಿಸಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ನನ್ನ ಅನುಭವವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಎರಡು ವರ್ಷದ ಕೆಳಗೆ ವಿದ್ಯಾರ್ಥಿವೇತನದ ಹಣಕ್ಕೆ, ನಮ್ಮ ತಾಯಿ ಡೇರಿಗೆ ಹಾಲು ಹಾಕಿ ಕೂಡಿಟ್ಟ ಹಣವನ್ನೂ ಸೇರಿಸಿ, ಬಳಸಿದ ಪಿಟೀಲೊಂದನ್ನು ಕೊಂಡೆ. ಅದಕ್ಕೆ ಪೆಟ್ಟಿಗೆ ಇರಲಿಲ್ಲ. ಜಿಲ್ಲಾ ಕೇಂದ್ರದ ಒಂದು ಅಂಗಡಿಯಲ್ಲಿ 1,800 ರೂಪಾಯಿ ಕೊಟ್ಟು ಹೊಸ ಪೆಟ್ಟಿಗೆ ತಂದೆ. ದಿನವೂ ಬಸ್ಸಿನಲ್ಲಿ ಓಡಾಡುವವನೆಂದು ಹೇಳಿಯೇ ಕೇಳಿದ್ದೆ. "ಇದು ಗಟ್ಟಿ, ಒಂದು ವರ್ಷ ಗ್ಯಾರಂಟಿ" ಎಂದು ಹೇಳಿಯೇ ಕೊಟ್ಟಿದ್ದರು. ಒಂಬತ್ತನೆಯ ತಿಂಗಳಲ್ಲಿ ಬಸ್ಸಿನಿಂದ ಇಳಿಯುವಾಗ ಹಿಡಿಯ ರಿವೆಟ್ಟು ಕಿತ್ತುಬಂತು. ಕೈಯಲ್ಲಿ ಹಿಡಿ ಉಳಿಯಿತು. ಪೆಟ್ಟಿಗೆ ರಸ್ತೆಗೆ ಬಿತ್ತು. ಒಳಗೆ ಕುದುರೆ ಮುರಿದು, ನಾನು ಮೇಲೆ ಹೇಳಿದ ಆತ್ಮವೂ ಉರುಳಿತ್ತು. ಅದರ ದುರಸ್ತಿಗೆ 700 ರೂಪಾಯಿ ಆಯಿತು.

ಚೀಟಿಯನ್ನೂ ರಸೀದಿಯನ್ನೂ ಹಿಡಿದು ಅಂಗಡಿಗೆ ಹೋದೆ. ಚೀಟಿಯ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿದ್ದುದನ್ನು ಅಂಗಡಿಯವರು ತೋರಿಸಿದರು. ಗ್ಯಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ. ಹಿಡಿ, ಚಿಲಕ, ಕೀಲು, ಜಿಪ್ಪುಗಳಿಗೆ ಇಲ್ಲ. ಬಿದ್ದದ್ದಕ್ಕೆ, ತಾಗಿದ್ದಕ್ಕೆ, ನೆನೆದದ್ದಕ್ಕೆ, ಪ್ರಯಾಣದಲ್ಲಿ ಆದದ್ದಕ್ಕೆ ಇಲ್ಲ. ಸಹಜ ಸವೆತಕ್ಕೆ ಇಲ್ಲ. ಒಳಗಿನ ವಾದ್ಯಕ್ಕೆ ಆದ ಹಾನಿಗೆ ಎಂದಿಗೂ ಇಲ್ಲ. ದೋಷವಿದ್ದರೂ ಪೆಟ್ಟಿಗೆಯನ್ನು ಕೊಂಡವರೇ ತಮ್ಮ ಖರ್ಚಿನಲ್ಲಿ ಹೊರರಾಜ್ಯದ ಕಾರ್ಖಾನೆಗೆ ಕಳುಹಿಸಬೇಕು. ವಿಚಾರಿಸಿದರೆ, ಕಳುಹಿಸುವ ಖರ್ಚೇ ಹೊಸ ಪೆಟ್ಟಿಗೆಯ ಅರ್ಧ ಬೆಲೆಯಾಗುವಂತಿತ್ತು. 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಗಾದೆ ನೆನಪಾಯಿತು.

ಈ ಚೀಟಿಯ ತರ್ಕವನ್ನು ಸ್ವಲ್ಪ ಪರಿಶೀಲಿಸೋಣ. ಪೆಟ್ಟಿಗೆ ಇರುವುದೇ ಪೆಟ್ಟಿಗೆ! ಇದು ಶಬ್ದದ ಆಟವಾದರೂ ಅರ್ಥದಲ್ಲಿ ಆಟವಲ್ಲ. ವಾದ್ಯಕ್ಕೆ ಬೀಳಬೇಕಾದ ಪೆಟ್ಟನ್ನು ತಾನು ತಿನ್ನುವುದೇ ಪೆಟ್ಟಿಗೆಯ ಧರ್ಮ. ಪೆಟ್ಟು ಬಿದ್ದರೆ ಹೊಣೆಯಿಲ್ಲ ಎನ್ನುವ ಗ್ಯಾರಂಟಿಯು, ಮಳೆ ಬಂದರೆ ಹೊಣೆಯಿಲ್ಲ ಎಂದು ಕೊಡೆ ಮಾರಿದಂತೆ. ಹಿಡಿಯ ವಿಷಯವೂ ಹಾಗೆಯೇ. ಹಿಡಿ ಇರುವುದು ಎತ್ತುವುದಕ್ಕೆ. ಎತ್ತಿದ ಮಾತ್ರಕ್ಕೆ ಒಂಬತ್ತು ತಿಂಗಳಲ್ಲಿ ಕಿತ್ತು ಬರುವುದನ್ನು 'ಸಹಜ ಸವೆತ' ಎಂದು ಕರೆದರೆ, ತಯಾರಿಕೆಯ ದೋಷವೆಂಬುದು ಇನ್ನು ಯಾವುದು? ಪೆಟ್ಟಿಗೆಯನ್ನು ಕೊಂಡು, ಅಲಮಾರಿನಲ್ಲಿಟ್ಟು, ಬೀಗ ಹಾಕಿ, ಒಂದು ವರ್ಷ ಮುಟ್ಟದೆ ಇದ್ದವನಿಗೆ ಮಾತ್ರ ಈ ಗ್ಯಾರಂಟಿ ಅನ್ವಯಿಸುತ್ತದೆ. ಅಂಥವನಿಗೆ ಪೆಟ್ಟಿಗೆಯೇ ಬೇಕಾಗಿಲ್ಲ.

ಕಾನೂನು ಈ ವಿಷಯದಲ್ಲಿ ಮೂಕವಾಗಿದೆಯೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಿಲ್ಲ. 1930ರ ಸರಕು ಮಾರಾಟ ಅಧಿನಿಯಮದ 16ನೆಯ ಕಲಮು, ಕೊಳ್ಳುವವನು ತನಗೆ ವಸ್ತು ಯಾವ ಕೆಲಸಕ್ಕೆ ಬೇಕೆಂಬುದನ್ನು ತಿಳಿಸಿ, ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡಾಗ, ಆ ವ್ಯಾಪಾರ ನಡೆಸುವ ಮಾರಾಟಗಾರನು ಆ ಕೆಲಸಕ್ಕೆ ತಕ್ಕ ವಸ್ತುವನ್ನೇ ಕೊಡಬೇಕೆಂಬ ಷರತ್ತು ಬಾಯಿಬಿಟ್ಟು ಹೇಳದೆಯೇ ಅಡಕವಾಗಿದೆಯೆಂದು ಹೇಳುತ್ತದೆ. 1986ರ ಕಾಯಿದೆಯ ಸ್ಥಾನದಲ್ಲಿ ಬಂದು 2020ರ ಜುಲೈಯಲ್ಲಿ ಜಾರಿಯಾದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ವಸ್ತು ಇಷ್ಟು ಕಾಲ ಬಾಳುತ್ತದೆಯೆಂದು ತಕ್ಕ ಪರೀಕ್ಷೆ ನಡೆಸದೆ ಜನರಿಗೆ ಗ್ಯಾರಂಟಿ ಕೊಡುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಪರೀಕ್ಷೆ ನಡೆಸಿದ್ದೇವೆಂದು ವ್ಯಾಪಾರಿ ವಾದಿಸಿದರೆ ಅದನ್ನು ರುಜುವಾತುಪಡಿಸುವ ಭಾರ ಅವನದೇ, ಕೊಂಡವನದಲ್ಲ. ಮಾರಿದ ವಸ್ತುವಿಗೆ ರಸೀದಿ ಕೊಡದಿರುವುದೂ ಅದೇ ಪಟ್ಟಿಯಲ್ಲಿ ಸೇರಿದೆ. ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಎರಡು ವರ್ಷದೊಳಗೆ ದೂರು ಕೊಡಬಹುದು. ವಕೀಲರೇ ಬೇಕೆಂಬ ನಿಯಮವಿಲ್ಲ. 5 ಲಕ್ಷ ರೂಪಾಯಿವರೆಗೆ ಬೆಲೆ ಕೊಟ್ಟು ಕೊಂಡ ವಸ್ತುವಾದರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಿಕೊಳ್ಳಬಹುದು. ಅರ್ಥಶಾಸ್ತ್ರದ ತರಗತಿಯಲ್ಲಿ ಗ್ರಾಹಕನೇ ಮಾರುಕಟ್ಟೆಯ ರಾಜನೆಂದು ಓದುವ ನಾವು, ಆ ರಾಜನ ಅಧಿಕಾರ ಯಾವ ಕಲಮಿನಲ್ಲಿದೆಯೆಂದು ತಿಳಿಯದೆ ಪದವಿ ಪಡೆಯುವುದು ಸೋಜಿಗ.

ಷರತ್ತುಗಳ ಮರೆಯಲ್ಲಿ ಹೊಣೆಯನ್ನು ತಪ್ಪಿಸಿಕೊಳ್ಳುವುದು ನಮ್ಮ ದೇಶದ ಚಾಳಿ ಮಾತ್ರವಲ್ಲ. 2008ರಲ್ಲಿ ಕೆನಡಾದ ಗಾಯಕ ಡೇವ್ ಕ್ಯಾರಲ್ ಎಂಬುವರು ಯುನೈಟೆಡ್ ಏರ್‌ಲೈನ್ಸ್ ವಿಮಾನದಲ್ಲಿ ಸಾಮಾನಿನೊಡನೆ ಸಾಗಿಸಿದ ಗಿಟಾರು ಮುರಿದುಹೋಯಿತು. 24 ಗಂಟೆಗಳೊಳಗೆ ದೂರು ಕೊಡಲಿಲ್ಲವೆಂಬ ಕಾರಣ ಹೇಳಿ ಕಂಪೆನಿ ಪರಿಹಾರವನ್ನು ನಿರಾಕರಿಸಿತು. ತಿಂಗಳುಗಟ್ಟಲೆ ಅಲೆದ ಮೇಲೆ ಅವರು ಆ ಕಥೆಯನ್ನೇ ಹಾಡಾಗಿ ಕಟ್ಟಿ 2009ರಲ್ಲಿ ಹೊರತಂದರು, ಲಕ್ಷಾಂತರ ಜನ ಅದನ್ನು ಕೇಳಿದರು, ಕಂಪೆನಿ ನಾಚಬೇಕಾಯಿತು. ಹಾಡು ಕಟ್ಟಬಲ್ಲವರಿಗೆ ಅದು ಸರಿ. ನನ್ನಂತೆ ಇನ್ನೂ ವರ್ಣಗಳನ್ನು ತಿದ್ದುತ್ತಿರುವವರು ಏನು ಮಾಡಬೇಕು?

ವ್ಯಾಪಾರಿಗಳ ಪಕ್ಷದಲ್ಲಿಯೂ ಹೇಳಬೇಕಾದ ಮಾತುಗಳಿವೆ. ಪೆಟ್ಟಿಗೆಯನ್ನು ಬಸ್‌ನಿಲ್ದಾಣದಲ್ಲಿ ಆಸನವಾಗಿ ಬಳಸುವ ಮಿತ್ರರು ನಮ್ಮಲ್ಲಿದ್ದಾರೆ. ಪಿಟೀಲಿನ ಪೆಟ್ಟಿಗೆಯಲ್ಲಿ ಪಿಟೀಲಿನ ಜೊತೆಗೆ ಪುಸ್ತಕ, ಊಟದ ಡಬ್ಬಿ, ಕೊಡೆಗಳನ್ನೂ ತುರುಕಿ ಜಿಪ್ಪು ಎಳೆಯುವವರೂ ಇದ್ದಾರೆ. ಅದಕ್ಕೆಲ್ಲ ಅಂಗಡಿಯವನು ಹೊಣೆಯಾಗಲಾರ. ಬೆಲೆ ಇಳಿಸಿ ಇಳಿಸಿ ಎಂದು ಚೌಕಾಸಿ ಮಾಡುವವರೂ ನಾವೇ. ಫೈಬರ್ ಪೆಟ್ಟಿಗೆಯ ಬಲವನ್ನು ಬಟ್ಟೆಚೀಲದ ಬೆಲೆಗೆ ಕೇಳುವುದು ನ್ಯಾಯವಲ್ಲ. ಕೆಲವರ ವಿಷಯದಲ್ಲಿ ಪೆಟ್ಟಿಗೆಯ ಬೆಲೆ ವಾದ್ಯದ ಬೆಲೆಯನ್ನು ಮೀರಿ ಮೂಗಿಗಿಂತ ಮೂಗುತಿ ಭಾರವಾಗುವುದೂ ಉಂಟು. ಇದಕ್ಕೆ ನನ್ನ ಉತ್ತರ ಇಷ್ಟೇ: ಅಗ್ಗದ ಪೆಟ್ಟಿಗೆಯನ್ನು ಅಗ್ಗದ್ದೆಂದೇ ಹೇಳಿ ಮಾರಲಿ. "ಇದು ಮನೆಯಲ್ಲಿ ಧೂಳು ತಡೆಯುವುದಕ್ಕೆ ಸಾಕು, ಬಸ್ಸಿಗೆ ಸಾಲದು" ಎಂದು ಅಂಗಡಿಯವರು ಹೇಳಿದರೆ ಅವರ ಮೇಲೆ ಯಾವ ದೂರೂ ಇಲ್ಲ. ಬಾಯಲ್ಲಿ ಗಟ್ಟಿಯೆಂದು ಹೇಳಿ, ಚೀಟಿಯ ಮುಂಬದಿಯಲ್ಲಿ ಒಂದು ವರ್ಷವೆಂದು ಅಚ್ಚು ಹಾಕಿ, ಹಿಂಬದಿಯಲ್ಲಿ ಅದನ್ನೆಲ್ಲ ಅಳಿಸುವುದು ತಪ್ಪು. ಬಡವನು ಅಗ್ಗದ ವಸ್ತುವನ್ನು ಕೊಳ್ಳಲು ಸಿದ್ಧನಿದ್ದಾನೆ. ಸುಳ್ಳನ್ನು ಕೊಳ್ಳಲು ಅವನಲ್ಲಿ ಹಣವಿಲ್ಲ.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ದೊಡ್ಡ ಮಾತೇಕೆ ಎಂದು ಕೇಳುವವರಿಗೆ ಒಂದು ವಿಷಯವನ್ನು ಅರಿಕೆ ಮಾಡಬೇಕು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಈ ಸರ್ಕಾರಿ ಕಾಲೇಜಿನಲ್ಲಿ ನನ್ನಂಥವರು ಅನೇಕರು. ಸಂಗೀತ ಪರಂಪರೆಯಿಂದ ಬಂದ ಮನೆಗಳಲ್ಲಿ ಕೈಯಲ್ಲಿರುವ ವೀಣೆಗೆ ಏನಾದರೂ ಆದರೆ ತಾತನ ವೀಣೆಯೊಂದು ಅಟ್ಟದ ಮೇಲಿರಬಹುದು. ಹೇಳಿಕೊಡುವ ಅತ್ತೆಯೋ ಚಿಕ್ಕಪ್ಪನೋ ಮನೆಯಲ್ಲಿಯೇ ಇರಬಹುದು. ನಮ್ಮ ಮನೆಗಳಲ್ಲಿ ಅಟ್ಟದ ಮೇಲೆ ಇರುವುದು ಒಣಸೌದೆ ಮತ್ತು ಬಿತ್ತನೆಯ ರಾಗಿ. ನಮಗೆ ಇರುವುದು ಒಂದೇ ವಾದ್ಯ. ಅದು ಒಡೆದರೆ ಪಾಠ ನಿಲ್ಲುತ್ತದೆ. ಒಮ್ಮೆ ನಿಂತ ಪಾಠ ಮತ್ತೆ ಆರಂಭವಾಗುವ ಹೊತ್ತಿಗೆ ಪರೀಕ್ಷೆಯೋ ಮದುವೆಯೋ ನೌಕರಿಯ ಹುಡುಕಾಟವೋ ಅಡ್ಡ ಬಂದಿರುತ್ತದೆ. ಹಾರ್ಮೋನಿಯಂ ಕೆಟ್ಟು ಮೂಲೆಗೆ ಸೇರಿದ್ದರಿಂದ ಹಾಡುವುದನ್ನೇ ಬಿಟ್ಟ ನೆರೆಮನೆಯ ಅಕ್ಕನನ್ನು ನಾನು ಬಲ್ಲೆ. ಸಿರಿವಂತನಿಗೆ ವಾದ್ಯದ ಪೆಟ್ಟಿಗೆ ಒಂದು ಉಪಕರಣ. ನಮ್ಮಂಥವರಿಗೆ ಅದು, ಮೊದಲ ಬಾರಿಗೆ ಮನೆಯೊಳಗೆ ಬಂದ ವಿದ್ಯೆಯನ್ನು ಹೊರಗೆ ಹೋಗದಂತೆ ತಡೆಯುವ ಬಾಗಿಲು.

ಕೇವಲ ದೂರಿ ಮುಗಿಸುವುದು ವಿದ್ಯಾರ್ಥಿಗೆ ಶೋಭಿಸದು. ಆದುದರಿಂದ ನನಗೆ ತೋಚಿದ ಕೆಲವು ಸೂಚನೆಗಳನ್ನು ವಿನಯದಿಂದ ಮುಂದಿಡುತ್ತೇನೆ. ಮೊದಲನೆಯದು, ಕೊಳ್ಳುವಾಗ ಮಖಮಲ್ಲನ್ನು ಬಿಟ್ಟು ರಿವೆಟ್ಟನ್ನು ನೋಡೋಣ. ವಾದ್ಯದಷ್ಟೇ ತೂಕದ ವಸ್ತುವನ್ನು ಒಳಗಿಟ್ಟು, ಅಂಗಡಿಯಲ್ಲಿಯೇ ಹಿಡಿಯಿಂದ ಎತ್ತಿ ನಾಲ್ಕು ಬಾರಿ ಜಗ್ಗಿ ನೋಡೋಣ. ವಾದ್ಯದ ಕತ್ತು ಒಳಗೆ ಅಲುಗಾಡದೆ ಕೂರುತ್ತದೆಯೇ, ಮುಚ್ಚಳದ ಒಳಮೈ ಕುದುರೆಗೆ ತಾಗುತ್ತದೆಯೇ ಎಂದು ಪರೀಕ್ಷಿಸೋಣ. ಎರಡನೆಯದು, ಗ್ಯಾರಂಟಿಯ ಹಿಂಬದಿಯನ್ನು ಹಣ ಕೊಡುವ ಮುಂಚೆ ಓದಿಸೋಣ. ಯಾವ ಬಳಕೆಗೆ ಕೊಳ್ಳುತ್ತಿದ್ದೇವೆಂಬುದನ್ನು ರಸೀದಿಯಲ್ಲಿಯೇ ಬರೆಸಿಕೊಳ್ಳೋಣ. "ದಿನವೂ ಬಸ್ಸಿನಲ್ಲಿ ಒಯ್ಯುವುದಕ್ಕೆ" ಎಂಬ ಮಾತುಗಳು ನಾಳೆ ನ್ಯಾಯ ಕೇಳುವಾಗ ಸಾಕ್ಷಿಯಾಗುತ್ತವೆ.

ಮೂರನೆಯ ಸೂಚನೆ ವ್ಯಾಪಾರಿಗಳಿಗೆ. ಪೆಟ್ಟಿಗೆಯನ್ನು ಮಾರುವವರು ಅದರ ಹಿಡಿ, ಚಿಲಕ, ಕೀಲುಗಳನ್ನು ಬಿಡಿಯಾಗಿಯೂ ಮಾರಲಿ. ಹಿಡಿ ಹೋದ ಮಾತ್ರಕ್ಕೆ ಇಡೀ ಪೆಟ್ಟಿಗೆಯನ್ನು ಎಸೆಯುವುದು, ಗುಂಡಿ ಕಿತ್ತುಹೋಯಿತೆಂದು ಅಂಗಿಯನ್ನು ಎಸೆದಂತೆ. ಗ್ಯಾರಂಟಿಯ ಷರತ್ತುಗಳು ಕನ್ನಡದಲ್ಲಿಯೂ, ಓದಲು ಬರುವ ಗಾತ್ರದ ಅಕ್ಷರದಲ್ಲಿಯೂ ಇರಲಿ. ನನ್ನ ಪೆಟ್ಟಿಗೆಗೆ ಕೊನೆಗೆ ಹಿಡಿ ಹಾಕಿಕೊಟ್ಟವರು ಬಸ್‌ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಹಿರಿಯರು. ದಪ್ಪ ತೊಗಲಿನ ಪಟ್ಟಿಯನ್ನು ಪೆಟ್ಟಿಗೆಯ ಸುತ್ತ ಸುತ್ತಿಸಿ, ಭಾರ ರಿವೆಟ್ಟಿನ ಮೇಲೆ ಬೀಳದಂತೆ ಹೊಲಿದರು. 120 ರೂಪಾಯಿ ತೆಗೆದುಕೊಂಡರು. "ಸಡಿಲವಾದರೆ ತನ್ನಿ" ಎಂದರು. ಒಂದು ವರ್ಷ ದಾಟಿದೆ, ಸಡಿಲವಾಗಿಲ್ಲ. ನಾಲ್ಕು ಪುಟದ ಚೀಟಿಯಲ್ಲಿ ಸಿಗದ ಗ್ಯಾರಂಟಿ ಅವರ ಎರಡು ಮಾತಿನಲ್ಲಿ ಸಿಕ್ಕಿತು.

ಕೊನೆಯ ಸೂಚನೆ ನಮ್ಮ ಕಾಲೇಜಿಗೆ ಸಂಬಂಧಿಸಿದ್ದು. ಸಾಂಸ್ಕೃತಿಕ ಸಂಘದ ಅಲಮಾರಿನಲ್ಲಿ ಹಾರ್ಮೋನಿಯಂ, ತಬಲಾ, ಡೋಲಕ್ಕುಗಳಿವೆ. ಯುವಜನೋತ್ಸವದ ಕಾಲದಲ್ಲಿ ಅವು ಹಳೆಯ ಬೆಡ್‌ಷೀಟಿನಲ್ಲಿ ಸುತ್ತಿಸಿಕೊಂಡು ಪ್ರಯಾಣ ಮಾಡುತ್ತವೆ. ವಾದ್ಯ ಕೊಳ್ಳುವಾಗ ಪೆಟ್ಟಿಗೆಯ ಖರ್ಚನ್ನೂ ಅಂದಾಜಿನಲ್ಲಿ ಸೇರಿಸಬೇಕೆಂದೂ, ಅತಿ ಕಡಿಮೆ ಬೆಲೆಯೊಂದನ್ನೇ ನೋಡದೆ ರಿಪೇರಿಗೆ ಒದಗುವ ಪೆಟ್ಟಿಗೆಯನ್ನು ಆರಿಸಬೇಕೆಂದೂ ಪ್ರಾಂಶುಪಾಲರಲ್ಲಿ ಪ್ರಾರ್ಥಿಸುತ್ತೇನೆ. ರಸೀದಿ, ಕೊಂಡ ದಿನಾಂಕ, ಗ್ಯಾರಂಟಿ ಮುಗಿಯುವ ದಿನಾಂಕ, ಆದ ರಿಪೇರಿ ಇವನ್ನು ಬರೆದಿಡಲು ಒಂದು ನೂರು ಪುಟದ ಪುಸ್ತಕ ಸಾಕು. ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕರ ದಿನದಂದು ಭಾಷಣಸ್ಪರ್ಧೆಯ ಜೊತೆಗೆ, ನಮ್ಮ ನಮ್ಮ ಮನೆಯಲ್ಲಿರುವ ಗ್ಯಾರಂಟಿ ಚೀಟಿಗಳನ್ನು ತಂದು, ಅಧ್ಯಾಪಕರ ಸಹಾಯದಿಂದ ಅವುಗಳ ಹಿಂಬದಿಯನ್ನು ಕನ್ನಡದಲ್ಲಿ ಓದುವ ಕಾರ್ಯಕ್ರಮವಿಟ್ಟರೆ ಅದಕ್ಕಿಂತ ಉಪಯುಕ್ತವಾದ ಪಾಠ ಬೇರೊಂದಿಲ್ಲ.

ನಾನು ಈ ವರ್ಷ ಕಾಲೇಜನ್ನು ಬಿಟ್ಟು ಹೋಗುವವನು. ಮುಂದಿನ ವರ್ಷ ಯುವಜನೋತ್ಸವಕ್ಕೆ ಹೊರಡುವ ಕಿರಿಯ ಮಿತ್ರರು ವಾದ್ಯಗಳನ್ನು ಬೆಡ್‌ಷೀಟಿನಲ್ಲಿ ಸುತ್ತದೆ ತಕ್ಕ ಪೆಟ್ಟಿಗೆಯಲ್ಲಿಟ್ಟು ಒಯ್ದರೆ, ಆ ಪೆಟ್ಟಿಗೆಯನ್ನು ಮಾರಿದ ಅಂಗಡಿಯವರು "ಪ್ರಯಾಣಕ್ಕೂ ನಮ್ಮ ಹೊಣೆ" ಎಂದು ರಸೀದಿಯಲ್ಲಿ ಬರೆದುಕೊಟ್ಟಿದ್ದರೆ, ನನ್ನ ಈ ನಾಲ್ಕು ಮಾತುಗಳು ಸಾರ್ಥಕವಾದುವೆಂದು ತಿಳಿಯುತ್ತೇನೆ.